ಗ್ಯಾಲ್ಸನ್‌ನ ಸರಪಳಿ

ನಮ್ಮೂರು ಟಾಂಗ್ಸೆಯಲ್ಲಿ ಯಾರನ್ನು ಕೇಳಿದರೂ ಗ್ಯಾಲ್ಸನ್ ಸತ್ತ ಬಗೆಯನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಸರಪಳಿ ಕೊಟ್ಟ, ಹೋದ.

ಲೇಹ್‌ನಲ್ಲಿ ಬಾಡಿಗೆಯವರನ್ನು ಇಳಿಸಿ ಖಾಲಿ ಜೀಪಿನಲ್ಲಿ ಮನೆಗೆ ಬರುತ್ತಿದ್ದ. ಚಾಂಗ್ ಲಾ ಘಾಟಿಯ ತುದಿ ದಾಟಿ ನಮ್ಮ ಕಡೆಗೆ ಇಳಿಯುವಾಗ, ಹತ್ತಲಾರದೆ ಅಡ್ಡ ನಿಂತಿದ್ದ ಇನ್ನೊಂದು ಜೀಪು ಎದುರಾಯಿತು. ಒಳಗೆ ಗಂಡ, ಹೆಂಡತಿ, ಕಂಬಳಿಯಲ್ಲಿ ಸುತ್ತಿದ ಇಬ್ಬರು ಮಕ್ಕಳು. ಹಿಮದಲ್ಲಿ ಜಾರದಿರಲು ಚಕ್ರಕ್ಕೆ ಸುತ್ತುವ ಕಬ್ಬಿಣದ ಸರಪಳಿ ಕಟ್ಟಿರಲಿಲ್ಲ. ಗ್ಯಾಲ್ಸನ್ ತನ್ನ ಹಿಂದಿನ ಚಕ್ರಗಳ ಸರಪಳಿ ಬಿಚ್ಚಿ ಅವರ ಚಕ್ರಗಳಿಗೆ ಕಟ್ಟಿಕೊಟ್ಟ. "ನೀವು ಹತ್ತೋರು, ನಾನು ಇಳಿಯೋನು. ನಮ್ಮನೆ ಇಲ್ಲೇ ಕೆಳಗೆ" ಅಂದ. ಹಿಮದಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಮ್ಮ ಸ್ಮನ್ಲಾಗೆ ಗಾಡಿ ಕಲಿಸುವಾಗ ಅದನ್ನೇ ಬೈದು ಬೈದು ಹೇಳಿಕೊಟ್ಟವನು ಅವನು. ಆ ಕುಟುಂಬ ಸುಖವಾಗಿ ಲೇಹ್ ಸೇರಿತು. ಗ್ಯಾಲ್ಸನ್ ನೀರು ಒಸರಿ ಹೆಪ್ಪುಗಟ್ಟುವ ತಿರುವಿನಲ್ಲಿ ಜೀಪಿನ ಸಮೇತ ಕೆಳಗೆ ಹೋದ.

ಕೆಲವು ದಿನ ಕಳೆದ ಮೇಲೆ ಸೇನೆಯ ಲಾರಿಯೊಂದು ಮನೆ ಮುಂದೆ ನಿಂತು ಗೋಣಿಚೀಲ ಇಳಿಸಿತು. ಒಳಗೆ ಒರೆಸಿ ಎಣ್ಣೆ ಹಚ್ಚಿದ ಸರಪಳಿ, ಜೊತೆಗೊಂದು ಡಬ್ಬಿ ಮಿಠಾಯಿ. ಕಳಿಸಿದವರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಮುಟ್ಟಿದ ಮೇಲೆ ಫೋನಿನಲ್ಲಿ ಅಳುತ್ತ, ಘಾಟಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರು.

ತಾಯಿ ಡೋಲ್ಕರ್ ಚೀಲವನ್ನು ಹೊಸ್ತಿಲು ದಾಟಿಸಗೊಡಲಿಲ್ಲ. ಎಸೆಯಗೊಡಲೂ ಇಲ್ಲ. "ಯಾರದೋ ಮನೆ ಕಾಯ್ತು, ನನ್ನ ಮನೆ ಕಾಯಲಿಲ್ಲ. ಹೊರಗೇ ಇರಲಿ" ಎಂದು ಕೊಟ್ಟಿಗೆಯ ಸೂರಿಗೆ ತೂಗುಹಾಕಿಸಿದಳು. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಸುಮ್ಮನಿರುವ ಜಾತಿಯದಲ್ಲ. ಚೀಲ ಗೋಡೆಗೆ ತಾಗಿ ಒಳಗಿನ ಕಬ್ಬಿಣ ಗಲಗಲ ಎಂದಾಗಲೆಲ್ಲ ಡೋಲ್ಕರ್ ಎದ್ದು ಕೂರುತ್ತಿದ್ದಳು. "ಬಂದ" ಅನ್ನುತ್ತಿದ್ದಳು. ಸೊಸೆ, ಗ್ಯಾಲ್ಸನ್‌ನ ಹೆಂಡತಿ ಕುಂಜೆಸ್, ಅವಳ ಭುಜ ಹಿಡಿದು ಮತ್ತೆ ಮಲಗಿಸಬೇಕು. ಎರಡು ಚಳಿಗಾಲ ಹೀಗೇ ಕಳೆಯಿತು.

ಅಣ್ಣನ ಬಾಡಿಗೆಗಳನ್ನು ಈಗ ಸ್ಮನ್ಲಾ ಬೇರೊಂದು ಜೀಪಿನಲ್ಲಿ ನೋಡಿಕೊಳ್ಳುತ್ತಿದ್ದ. ಚಕ್ರಕ್ಕೆ ಕಬ್ಬಿಣವೊಂದು ಬೇಡ, ಬೇರೆ ಏನಾದರೂ ಸರಿ ಎಂದು ಹಟ ಹಿಡಿದ. ಮೊಳೆ ಕೂರಿಸಿದ ಟೈರು ವಿಚಾರಿಸಿದ. ಘಾಟಿ ಇಳಿದ ಮೇಲೆ ಒಣ ಡಾಂಬರಿನಲ್ಲಿ ಅದು ಜಾರುತ್ತದೆ, ಮೊಳೆಯೂ ಬೇಗ ಸವೆಯುತ್ತದೆ ಎಂದರು. ಹಗ್ಗ ಸುತ್ತಿ ನೋಡಿದ, ಮೊದಲ ಏರಿನಲ್ಲೇ ಹರಿಯಿತು. ಕೊನೆಗೆ ಲೇಹ್ ಬಜಾರಿನಿಂದ ಟೈರಿಗೆ ತೊಡಿಸುವ ಬಟ್ಟೆಯ ಗವಸು ತಂದ. ಹಗುರ, ತೊಡಿಸುವುದು ಸುಲಭ, ಹೊಸ ಹಿಮದ ಮೇಲೆ ಒಳ್ಳೆಯ ಹಿಡಿತ. ಎಲ್ಲಕ್ಕಿಂತ ಹೆಚ್ಚಾಗಿ, ಅದಕ್ಕೆ ಸದ್ದಿಲ್ಲ.

ಜೀಪು ನಿಲ್ಲುವ ಜಾಗದಲ್ಲಿ ಹಳೆಯ ಚಾಲಕ ತುಂಡುಪ್ ಅದನ್ನು ಕಂಡು ಬಿದ್ದು ಬಿದ್ದು ನಕ್ಕ. ನಮ್ಮಲ್ಲಿ ತಮ್ಮನ ವಯಸ್ಸಿನವರು ನೋನೋ, ಅಜ್ಜನ ವಯಸ್ಸಿನವರು ಮೇಮೇ-ಲೇ. "ಏನೋ ನೋನೋ, ಗಾಡಿಗೆ ಕಾಲುಚೀಲ ಹಾಕಿದೀಯ! ಟೋಪಿ ಯಾವಾಗ ಹೊಲಿಸ್ತೀಯ?"

"ನಿನಗೂ ಒಂದು ತರ್ತೀನಿ ಬಿಡು ಮೇಮೇ-ಲೇ, ಬಾಯಿಗೆ ಹಾಕ್ಕೊಳೋಕೆ."

ತುಂಡುಪ್‌ನ ನಗು ನಿಂತಿತು. "ಕೇಳಿಲ್ಲಿ. ಹಿಟ್ಟಿನಂಥ ಹಿಮಕ್ಕೆ ಅದು ಸರಿ. ನೀಲಿ ಮಂಜುಗಡ್ಡೆಗೆ ಕಬ್ಬಿಣವೇ ಬೇಕು. ನಿಮ್ಮಣ್ಣ ಸತ್ತಿದ್ದು ಸರಪಳಿ ಇದ್ದು ಅಲ್ಲ ಕಣೋ, ಇಲ್ಲದೆ."

ಸ್ಮನ್ಲಾ ಬಗ್ಗಿ ಗವಸನ್ನು ಇನ್ನಷ್ಟು ಬಿಗಿಯಾಗಿ ಎಳೆದ.

ಆ ಜನವರಿಯಲ್ಲಿ ಕುಂಜೆಸ್ ಮನೆ ಬಿಟ್ಟಳು. ಘಾಟಿಯ ಆಚೆ, ಸಕ್ತಿಯಲ್ಲಿ ಅವಳ ತವರು. ಅಪ್ಪ ಅಲ್ಲೇ ಒಂದು ಸಂಬಂಧ ನೋಡಿದ್ದ. ಒಪ್ಪಿಕೋ ಎಂದು ಒತ್ತಾಯ ಮಾಡಿದ್ದು ಡೋಲ್ಕರಳೇ. ಹೊರಡುವ ಬೆಳಿಗ್ಗೆ ಸೊಸೆಯ ಕೊರಳಿಗೆ ಬೀಳ್ಕೊಡುವ ಬಿಳಿ ಶಲ್ಯ ಖತಕ್ ಹಾಕಿದಳು, ಮಡಿಲಿಗೆ ಒಣ ಏಪ್ರಿಕಾಟ್ ತುಂಬಿದಳು. ಹೋಗಿ ಬಾ ಅನ್ನಲಿಲ್ಲ. "ಹೋಗು ಮಗಳೇ" ಅಂದಳು. ಜೀಪು ಹೊರಡುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಘಾಟಿ ಬುಡದ ತ್ಸೋಲ್ಟಕ್ ದಾಟುವ ಹೊತ್ತಿಗೆ ಹಿಮ ಉದುರಲು ಶುರುವಾಯಿತು. ಸ್ಮನ್ಲಾ ಇಳಿದು ಹಿಂದಿನ ಚಕ್ರಗಳಿಗೆ ಗವಸು ತೊಡಿಸಿದ. ಗಾಡಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಏರತೊಡಗಿತು.

"ನೋಡು ಅಚೇ-ಲೇ, ಹೇಗೆ ಹೋಗ್ತಿದೆ! ತುಂಡುಪ್ ಮುದುಕ ನಗ್ತಿದ್ದ" ಎಂದ ಅತ್ತಿಗೆಗೆ.

"ಸದ್ದೇ ಇಲ್ಲದಿದ್ರೆ ಗಾಡಿ ಓಡ್ತಿದೆ ಅನ್ನಿಸೋದೇ ಇಲ್ಲಪ್ಪ" ಎಂದಳು ಕುಂಜೆಸ್.

ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಮೋಡ ರಸ್ತೆಗೇ ಇಳಿಯಿತು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಎರಡೂ ಒಂದೇ ಬಣ್ಣಕ್ಕೆ ತಿರುಗಿದವು. ಚಕ್ರದಡಿ ಹೊಸ ಹಿಮ ತೆಳುವಾಗಿ, ಅದರ ಕೆಳಗಿನ ಗಟ್ಟಿ ಪದರ ತಾಗುವುದು ಸ್ಮನ್ಲಾನ ಕೈಗೆ ತಿಳಿಯುತ್ತಿತ್ತು. ಹಿಂಭಾಗ ಒಮ್ಮೆ ಓಲಾಡಿತು. ನಿಲ್ಲಿಸಿದರೆ ಮತ್ತೆ ಹೊರಡಿಸುವುದು ಕಷ್ಟವೆಂದು ಅವನು ನಿಲ್ಲಿಸಲಿಲ್ಲ.

ಆಗ ಅದು ಕೇಳಿಸಿತು. ಎದುರಿನ ಬಿಳುಪಿನೊಳಗಿಂದ ಚಕ್ರದ ಸರಪಳಿಯ ಸದ್ದು.

ಸ್ಮನ್ಲಾನ ಮುಖ ಅರಳಿತು. "ಸೇನೆ ಲಾರಿ! ಮುಂದೆ ಹೋಗ್ತಿದೆ. ಅದರ ಜಾಡು ಹಿಡಿದರೆ ಆಯ್ತು, ತುದಿ ಮುಟ್ಟಿಬಿಡ್ತೀವಿ." ವೇಗ ತುಸು ಹೆಚ್ಚಿಸಿದ. ಸದ್ದು ಹತ್ತಿರವಾಗಲಿಲ್ಲ. ನಿಧಾನಿಸಿದ. ದೂರವೂ ಆಗಲಿಲ್ಲ. ಛಣ್, ಛಣ್, ಟಕ್. ಛಣ್, ಛಣ್, ಟಕ್.

ಕುಂಜೆಸ್ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದಿದ್ದಳು. "ನಿಲ್ಲಿಸು" ಎಂದಳು.

"ಇಲ್ಲಿ ನಿಲ್ಲಿಸೋಕಾಗಲ್ಲ ಅಚೇ-ಲೇ."

"ಅದು ಲಾರಿ ಅಲ್ಲ, ನೋನೋ. ಆ ಟಕ್ ಅನ್ನೋದು ಕೇಳ್ತಿದೆಯಾ? ಎಡಗಡೆ ಸರಪಳೀಲಿ ಒಂದು ಕೊಂಡಿ ಮುರಿದಿತ್ತು. ತಂತಿ ಸುತ್ತಿದ್ದು ನಾನೇ, ಅವನು ಹಿಡ್ಕೊಂಡಿದ್ದ. ತಂತಿ ತುದಿ ಮಡ್‌ಗಾರ್ಡಿಗೆ ಬಡೀತಿತ್ತು. ದಿನಾ ಸಂಜೆ ಕಿಟಕೀಲಿ ಕೂತು ಆ ಸದ್ದಿಗೇ ಕಾಯ್ತಿದ್ದೆ. ನನಗೆ ಗೊತ್ತಾಗಲ್ವಾ?"

"ಸುಮ್ನಿರು! ಆ ಸರಪಳಿ ಕೊಟ್ಟಿಗೇಲಿದೆ."

"ಇಲ್ಲ. ಹಿಂದಿನ ಸೀಟಿನ ಕೆಳಗಿದೆ. ಬೆಳಿಗ್ಗೆ ನಾನೇ ಇಟ್ಟೆ. ಘಾಟಿ ತುದೀಲಿ ಪ್ರಾರ್ಥನೆ ಬಾವುಟಗಳ ಹತ್ತಿರ ಬಿಟ್ಟುಬಿಡೋಣ, ಅಮಾ-ಲೇ ಇನ್ನಾದರೂ ನಿದ್ದೆ ಮಾಡಲಿ ಅಂತ." ಹಿಂದಿನ ಸೀಟಿನತ್ತ ಬೊಟ್ಟು ಮಾಡಿದಳು. "ಚೀಲದಲ್ಲಿ ಬಟ್ಟೆ ಸುತ್ತಿಟ್ಟಿದೀನಿ. ಅದು ಸದ್ದು ಮಾಡ್ತಿಲ್ಲ. ಎದುರಿಗೆ ಕೇಳ್ತಿರೋದು ಏನು ಹೇಳು?"

ಸ್ಮನ್ಲಾ ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟ. ಜೀಪು ಒಂದು ಮಾರು ಜಾರಿ, ಬಂಡೆಯ ಬದಿಗೆ ಮೂತಿ ತಾಗಿಸಿ ನಿಂತಿತು. ಇಂಜಿನ್ ಆರಿಸಿದ. ಸದ್ದು ನಿಲ್ಲಲಿಲ್ಲ.

ಇಬ್ಬರೂ ಇಳಿದರು. ಎಡಚಕ್ರದ ಗವಸು ಚಿಂದಿಯಾಗಿ ಅಚ್ಚಿಗೆ ಸುತ್ತಿಕೊಂಡಿತ್ತು. ಬಲದ್ದು ಎಲ್ಲೋ ಕಳಚಿ ಹೋಗಿತ್ತು. ಸ್ಮನ್ಲಾ ಬಂಡೆ ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋಗಿ ಬೂಟಿನಿಂದ ಹಿಮ ಸರಿಸಿದ. ಕೆಳಗೆ ನೀಲಿ ಗಾಜು. ಮೇಲಿನಿಂದ ಒಸರಿದ ನೀರು ರಸ್ತೆಯ ಅಗಲಕ್ಕೂ ಹೆಪ್ಪುಗಟ್ಟಿ, ಅಂಚಿನ ಕಡೆಗೆ ಇಳಿಜಾರಾಗಿ ನಿಂತಿತ್ತು. ಯಾವ ತಿರುವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣನನ್ನು ಹಗ್ಗ ಕಟ್ಟಿ ಮೇಲೆತ್ತಿದವರಲ್ಲಿ ಅವನೂ ಒಬ್ಬ.

ಕುಂಜೆಸ್ ಚೀಲ ಎಳೆದು ತಂದಳು. ಸ್ಮನ್ಲಾ ಚಕ್ರದ ಹಿಂದೆ ಕಲ್ಲು ಕೊಟ್ಟ. ಸರಪಳಿಯನ್ನು ಹಿಮದ ಮೇಲೆ ಹರಡಿ, ಟೈರಿನ ಮೇಲೆ ಹೊದಿಸಿ, ಒಳಬದಿಯ ಕೊಕ್ಕೆ ಹುಡುಕಲು ಗಾಡಿಯಡಿಗೆ ಕೈ ಚಾಚಿದ. ಬೆರಳು ಮಾತು ಕೇಳಲಿಲ್ಲ. ಚಳಿಗಲ್ಲ, ಚಳಿ ಅವನಿಗೆ ಹುಟ್ಟಿದಾರಭ್ಯ ಗೊತ್ತು. ಗಾಡಿಯ ಆಚೆ ಬದಿಯಲ್ಲಿ ಇನ್ನೊಬ್ಬರು ಬಗ್ಗಿ, ಇದೇ ಕೊಕ್ಕೆಯ ಇನ್ನೊಂದು ತುದಿ ಹಿಡಿದಿದ್ದಾರೆ ಅನ್ನಿಸಿತು. ಮುಖ ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ.

"ಈಚೆ ಸರಿ, ನಾನು ಹಾಕ್ತೀನಿ" ಎಂದು ಕುಂಜೆಸ್ ಮಂಡಿಯೂರಿದಳು. ಎರಡು ಚಕ್ರಕ್ಕೂ ಅವಳೇ ಕೊಕ್ಕೆ ಸಿಕ್ಕಿಸಿ ಬಿಗಿದಳು. ಕೊನೆಯ ಕೊಂಡಿ ಬಿಗಿದು ತಲೆಯೆತ್ತಿದಾಗ ಮೋಡದೊಳಗೆ ಸದ್ದಿರಲಿಲ್ಲ. ಯಾವಾಗ ನಿಂತಿತೆಂದು ಇಬ್ಬರೂ ಗಮನಿಸಿರಲಿಲ್ಲ.

ಜೀಪು ಹೊರಟಿತು. ಕಬ್ಬಿಣ ಗಾಜನ್ನು ಕಚ್ಚಿ ಕಚ್ಚಿ ಗಾಡಿಯನ್ನು ತಿರುವು ದಾಟಿಸಿತು. ಈಗ ಅವರ ಚಕ್ರದಡಿಯಿಂದಲೇ ಛಣ್, ಛಣ್, ಟಕ್ ಎಂದು ಕೇಳುತ್ತಿತ್ತು. ಕುಂಜೆಸ್ ಖತಕ್‌ನ ತುದಿಯನ್ನು ಕಿವಿಗೆ ಒತ್ತಿಕೊಂಡು ಕೂತಳು.

ತುದಿಯಲ್ಲಿ ಬಾವುಟಗಳು ಗಾಳಿಗೆ ಹರಿದುಹೋಗುವಂತೆ ಬಡಿದುಕೊಳ್ಳುತ್ತಿದ್ದವು. ಸ್ಮನ್ಲಾ ಕೇಳಿದ: "ಇಲ್ಲೇ ಬಿಟ್ಟುಬಿಡೋದಾ?"

"ಹೇಗೆ ಬಿಡೋದು? ಇಳಿಯೋದು ಬಾಕಿ ಇದೆಯಲ್ಲ."

ಇಳಿಯುವಾಗ ಅವನು ಅಣ್ಣನನ್ನು ನೆನೆದು, "ಅಚೋ ನಮ್ಮನ್ನ ನಿಲ್ಲಿಸಿದ. ಇಲ್ಲದಿದ್ರೆ ನಾವೂ ಹೋಗ್ತಿದ್ವಿ" ಎಂದ.

ಕುಂಜೆಸ್ ಕಿಟಕಿಯ ಕಡೆಗೆ ತಿರುಗಿ, "ನಿಲ್ಲಿಸಿದ್ದು ನಾನು, ನೋನೋ. ಅವನು ನಿಲ್ಲಲಿಲ್ಲ" ಎಂದಳು.

ಸಕ್ತಿಯಲ್ಲಿ ಅವಳ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಬಿಸಿ ತುಕ್ಪಾ ಸಾರು ಕೊಟ್ಟರು, ಬಾರ್ಲಿ ಹೆಂಡ ಛಾಂಗ್ ಸುರಿದರು. ಮದುವೆಯ ಮಾತು ಜೋರಾಗಿ ನಡೆದಿತ್ತು. ಕುಂಜೆಸ್ ನಗಬೇಕಾದಲ್ಲಿ ನಕ್ಕಳು. ಸ್ಮನ್ಲಾ ಮರುದಿನ ಹೊರಡುವಾಗ ಮಾತ್ರ ಜೀಪಿನವರೆಗೆ ಬಂದು, ಎಡಚಕ್ರದ ತಂತಿಯನ್ನು ಒಮ್ಮೆ ಮುಟ್ಟಿ, "ಅಮಾ-ಲೇಗೆ ಏನೂ ಹೇಳಬೇಡ" ಎಂದಳು.

ಆ ದಿನ ಬಿಸಿಲಿತ್ತು. ಘಾಟಿಯಲ್ಲಿ ತನ್ನ ಚಕ್ರದ್ದಲ್ಲದೆ ಬೇರೆ ಯಾವ ಸದ್ದೂ ಕೇಳಲಿಲ್ಲ. ಆದರೆ ಹಿಂದಿನ ರಾತ್ರಿ ಟಾಂಗ್ಸೆಯಲ್ಲೂ ಹಿಮ ಬಿದ್ದಿದ್ದರಿಂದ ಸ್ಮನ್ಲಾ ಸರಪಳಿ ಬಿಚ್ಚದೆ ಊರೊಳಗೆ ಬಂದ. ಆ ಸದ್ದು ತಾಯಿಗೆ ಕೇಳುತ್ತದೆಂಬ ಯೋಚನೆ ಅವನಿಗೆ ಹೊಳೆಯಲೇ ಇಲ್ಲ. ಮನೆಯ ಓಣಿಗೆ ತಿರುಗಿದಾಗ ಡೋಲ್ಕರ್ ಓಡಿ ಬರುತ್ತಿದ್ದಳು. ಮೈಮೇಲೆ ಶಾಲಿಲ್ಲ, ಕಾಲಿಗೆ ಏನೂ ಇಲ್ಲ. ಮುಖಕ್ಕೆ ಹತ್ತು ವರ್ಷ ವಯಸ್ಸು ಇಳಿದಿತ್ತು.

"ಗ್ಯಾಲ್ಸನ್!" ಎಂದಳು. "ಎಷ್ಟು ತಡ ಮಾಡಿದೆಯಪ್ಪಾ!"

ಸ್ಮನ್ಲಾ ಬಾಗಿಲು ತೆರೆಯಲಾರದೆ ಕೂತ. ತೆರೆಯದೆಯೂ ಇರುವಂತಿರಲಿಲ್ಲ. ಅವನು ಇಳಿದಾಗ ತಾಯಿ ಅವನ ಮುಖವನ್ನು ನೋಡಿದಳು, ಆಮೇಲೆ ಚಕ್ರವನ್ನು, ಆಮೇಲೆ ಕೊಟ್ಟಿಗೆಯ ಖಾಲಿ ಕೊಕ್ಕೆಯನ್ನು. ಅವಳು ಅಳಲಿಲ್ಲ. ಅವನು ಅವಳನ್ನು ಎತ್ತಿಕೊಂಡು ಒಳಗೆ ಒಯ್ದು, ಒಲೆಯ ಮುಂದೆ ಕೂರಿಸಿ, ಪಾದಗಳನ್ನು ತನ್ನ ಕೈಯಲ್ಲಿ ತಿಕ್ಕಿದ. ತಿಕ್ಕುತ್ತಲೇ ಎಲ್ಲವನ್ನೂ ಹೇಳಿಬಿಟ್ಟ.

ಡೋಲ್ಕರ್ ಒಂದೇ ಒಂದು ಪ್ರಶ್ನೆ ಕೇಳಿದಳು. "ಸದ್ದು ನಿಮ್ಮ ಎದುರಿಗೆ ಬರ್ತಿತ್ತಾ, ಮುಂದೆ ಮುಂದೆ ಹೋಗ್ತಿತ್ತಾ?"

ಎದುರಿಗೆ ಬರುತ್ತಿದ್ದರೆ ಮಗ ಮನೆ ಕಡೆಗೆ ಬರುತ್ತಿದ್ದಾನೆ. ಮುಂದೆ ಹೋಗುತ್ತಿದ್ದರೆ ಬಿಟ್ಟು ಹೋಗಿದ್ದಾನೆ. ಅವಳು ಯಾಕೆ ಕೇಳುತ್ತಿದ್ದಾಳೆಂದು ಸ್ಮನ್ಲಾಗೆ ತಿಳಿಯಿತು. ಸುಳ್ಳು ನಾಲಿಗೆಗೆ ಬಂತು, ಆದರೆ ಯಾವ ಸುಳ್ಳು ಹೇಳಿದರೆ ಅವಳಿಗೆ ಒಳ್ಳೆಯದೋ ತಿಳಿಯಲಿಲ್ಲ.

"ಗೊತ್ತಾಗಲಿಲ್ಲ ಅಮಾ-ಲೇ. ಹತ್ತಿರಾನೂ ಬರಲಿಲ್ಲ, ದೂರಾನೂ ಹೋಗಲಿಲ್ಲ."

"ಹಾಗಾದ್ರೆ ಇನ್ನೂ ದಾರೀಲೇ ಇದಾನೆ" ಎಂದಳು.

ಬೆಳಗಾದ ಮೇಲೆ ಅವಳೇ ಇಕ್ಕಳ ತಂದು ಮಗನ ಕೈಗಿಟ್ಟಳು. "ಆ ತಂತಿ ಕಿತ್ತು ಹೊಸ ಕೊಂಡಿ ಹಾಕು. ಸರಪಳಿ ನೀನೇ ಇಟ್ಕೋ, ಬಟ್ಟೆ ಗಿಟ್ಟೆ ಬೇಡ. ಸದ್ದು ಮಾತ್ರ ಅವನದು. ಅವನ ಹತ್ತಿರಾನೇ ಇರಲಿ." ಗೊಂಪಾದಿಂದ ಲಾಮಾಗಳನ್ನು ಕರೆಸಿ ಇನ್ನೊಮ್ಮೆ ಓದಿಸಿದಳು, ಸತ್ತವರಿಗೆ ದಾರಿ ತೋರುವ ನಲವತ್ತೊಂಬತ್ತನೆಯ ದಿನದ ಓದು ಎಂದೋ ಆಗಿತ್ತು, ಆದರೂ. ಆ ಚಳಿಗಾಲದಲ್ಲಿ ಅವಳು ಮತ್ತೆ ರಾತ್ರಿ ಬೆಚ್ಚಿ ಎದ್ದು ಕೂರಲಿಲ್ಲ.

ಸ್ಮನ್ಲಾ ಈಗಲೂ ಅದೇ ದಾರಿಯಲ್ಲಿ ಬಾಡಿಗೆ ಹೊಡೆಯುತ್ತಾನೆ. ಮೋಡ ಇಳಿದ ದಿನ ಆ ತಿರುವಿಗೆ ಮುಂಚೆ ಬಂಡೆಯ ಬದಿಗೆ ಸರಿದು ಇಂಜಿನ್ ಆರಿಸುತ್ತಾನೆ. ಚಳಿಯಲ್ಲಿ ಸಾಯಿಸ್ತೀಯಾ, ನಡಿಯಪ್ಪಾ ಎಂದು ಜನ ಗೊಣಗುತ್ತಾರೆ. ನಾನೂ ಒಮ್ಮೆ ಗೊಣಗಿದ್ದೇನೆ. ಅವನು ಗಾಜು ಸ್ವಲ್ಪ ಇಳಿಸಿ, ಕಿವಿಗೊಟ್ಟು ಕೂತಿದ್ದವನು ಹಿಂದೆ ತಿರುಗದೆಯೇ ಹೇಳಿದ:

"ತಡೀರಿ. ಎದುರಿಗೆ ಗಾಡಿ ಇದೆ."