ಹಿಂದಿನ ಸೀಟಿನ ಪೆಡಲು

ನಾನು ಇಬ್ಬರು ಹಿಂದೆಮುಂದೆ ಕೂತು ತುಳಿಯುವ ಒಂದು ಜೋಡಿ ಸೈಕಲ್ಲು. ಎಲ್ಲರೂ ಹುಟ್ಟಿದ ಮೇಲೆ ಸಾಯುತ್ತಾರೆ. ನನ್ನದು ಎರಡು ಸಾವಾದ ಮೇಲಿನ ಹುಟ್ಟು. ವಿಜಯಪುರದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಎರಡು ಹಳೆಯ ಸೈಕಲ್ಲುಗಳನ್ನು ಕತ್ತರಿಸಿ, ಬೆಂಕಿಯಲ್ಲಿ ಬೆಸೆದು ನನ್ನನ್ನು ಮಾಡಿದರು. ನನ್ನ ಮುಂದಿನ ಅರ್ಧ ದಾನಮ್ಮ ಮನೆಮನೆಗೆ ಹಾಲು ಹಾಕುತ್ತಿದ್ದ ಸೈಕಲ್ಲು. ಹಿಂದಿನ ಅರ್ಧ ಅವಳ ತಂಗಿ ಶಿವಲೀಲಾ ರೇಸಿಗೆ ತಾಲೀಮು ಮಾಡುತ್ತಿದ್ದ ಸೈಕಲ್ಲು.

ಲೀಲಾ ಗಾಳಿಯಂತೆ ಓಡಿಸುತ್ತಿದ್ದ ಹುಡುಗಿ. ಒಂದು ರೇಸಿನ ನಡುವೆ ಅವಳ ಎಡಗಣ್ಣು ಮಸುಕಾಯಿತು. ಆಮೇಲೆ ಕಾಲು ಜೋಮು ಹಿಡಿಯಿತು. ವೈದ್ಯರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನನಗೆ ತಿಳಿದಂತೆ ಹೇಳುತ್ತೇನೆ: ಬ್ರೇಕ್ ವಯರಿನ ಮೇಲಿನ ಕವಚ ಹರಿದರೆ ಹಿಡಿ ಒತ್ತಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ಅವಳ ನರಗಳಿಗೂ ಹಾಗೇ ಆಗಿತ್ತು.

ಜಿಲ್ಲೆಯಲ್ಲಿ ಅದೇ ರೋಗದವರು ಇನ್ನೂ ಇದ್ದರು. ಅವರಿಗೆಂದು ವ್ಯಾಯಾಮದ ಒಂದು ಕೋಣೆ ಕಟ್ಟಿಸಲು ಊರವರು ಸೈಕಲ್ ಯಾತ್ರೆ ಹೊರಡಿಸಿದರು. ಕೊಲ್ಹಾರದ ಕೃಷ್ಣಾ ಸೇತುವೆಯವರೆಗೆ ಹೋಗುವುದು, ದಾರಿಯುದ್ದಕ್ಕೂ ದೇಣಿಗೆ ಎತ್ತುವುದು.

"ನಾನೂ ಬರ್ತೀನಿ," ಎಂದಳು ಲೀಲಾ. "ಆದ್ರ ಯಾರಿಗೂ ಹೊರಿ ಆಗಿ ಅಲ್ಲ. ತುಳಕೋತ ಬರ್ತೀನಿ."

ಅದಕ್ಕೇ ನಾನು ಹುಟ್ಟಿದ್ದು.

ನನ್ನಲ್ಲೊಂದು ಗುಟ್ಟಿದೆ. ಮುಂದಿನ ಪೆಡಲನ್ನೂ ಹಿಂದಿನ ಪೆಡಲನ್ನೂ ಒಂದೇ ಚೈನು ಕಟ್ಟಿಹಾಕಿದೆ. ಮುಂದಿನವರು ತುಳಿದರೆ ಹಿಂದಿನದೂ ತಿರುಗುತ್ತದೆ. ಹಿಂದೆ ಕೂತವರ ಕಾಲು ತುಳಿಯುತ್ತಿದೆಯೋ ಸುಮ್ಮನೆ ಸುತ್ತುತ್ತಿದೆಯೋ, ನೋಡುವವರಿಗೆ ತಿಳಿಯದು. ನನಗೆ ತಿಳಿಯುತ್ತದೆ. ಮುಂದೆ ಕೂತವರ ತೊಡೆಗೂ ತಿಳಿಯುತ್ತದೆ. ತಾಲೀಮಿನ ದಿನಗಳಲ್ಲಿ ಲೀಲಾ ನಿಜವಾಗಿಯೂ ತುಳಿದಳು. ಆಗ ನನಗೆ ನಾನೇ ಅಜ್ಜಿಕಥೆಯ ಏಳು ಸಮುದ್ರ ದಾಟುವ ಕುದುರೆ ಅನಿಸುತ್ತಿತ್ತು.

ವೈದ್ಯರು ಒಂದೇ ಮಾತು ಹೇಳಿದ್ದರು: ಮೈ ಕಾದರೆ ನರಗಳು ಸೋಲುತ್ತವೆ, ಬಿಸಿಲೇರುವ ಮುಂಚೆ ಮುಟ್ಟಿಬಿಡಿ.

ಶಿವರಾತ್ರಿ ಕಳೆದಿತ್ತು. ನಸುಕಿಗೇ ಎಲ್ಲರೂ ಸೇರಿದರು. ಆದರೆ ಹಸಿರು ಬಾವುಟ ಬೀಸಬೇಕಾದ ಅತಿಥಿಗಳ ಸುಳಿವಿಲ್ಲ.

"ಐದ್ ನಿಮಿಷ್ರೀ, ಸಾಹೇಬ್ರು ಬಂದ ಬಿಟ್ರು," ಎಂದು ಮೈಕು ಹೇಳುತ್ತಲೇ ಇತ್ತು. ಸೂರ್ಯ ನನ್ನ ಹ್ಯಾಂಡಲಿನ ಮೇಲೆ ಬಂದು ಕೂತ. ಅತಿಥಿಗಳು ಬಂದರು, ಭಾಷಣ ಬಂತು, ಕೊನೆಗೆ ಸನ್ಮಾನ ಬಂತು. ಲೀಲಾಳ ತಲೆಗೆ ಪೇಟ, ಕೊರಳಿಗೆ ಹಾರ, ಮೈಗೆ ಉಣ್ಣೆಯ ಶಾಲು.

"ಅಕ್ಕಾ, ಕುದ್ಯಾಕತ್ತೀನಿ. ತಗೀತೀನಿ ಇದನ್ನ."

"ಮರ್ಯಾದಿ ಮಾಡ್ಯಾರ, ಅವರೆದುರಿಗೇ ತಗದ್ರ ಹೆಂಗ? ಇನ್ನೊಂದೀಟ ತಡಿ," ಎಂದಳು ದಾನಮ್ಮ.

ಎಲ್ಲರ ಫೋಟೊ ಮುಗಿಯುವವರೆಗೆ ಲೀಲಾ ಶಾಲಿನೊಳಗೆ ಬೇಯುತ್ತ ನಗುತ್ತಿದ್ದಳು. ಬಾವುಟ ಬೀಸಿದಾಗ ಡಾಂಬರು ಆಗಲೇ ನನ್ನ ಟೈರನ್ನು ಸುಡುತ್ತಿತ್ತು.

ಅರ್ಧ ದಾರಿಯಲ್ಲಿ ಹಿಂದಿನ ಪೆಡಲಿನ ಮೇಲಿದ್ದ ಕಾಲು ಸತ್ತಿತು. ಹೌದು, ಸತ್ತಿತು ಎಂದೇ ಹೇಳಬೇಕು. ಪಟ್ಟಿಯಿಂದ ಬಿಗಿದಿದ್ದರಿಂದ ಜಾರಲಿಲ್ಲ, ಅಷ್ಟೆ.

"ಅಕ್ಕಾ, ಕಣ್ಣಿಗೆ ಎಲ್ಲಾ ಬೆಳ್ಳಗ ಕಾಣಾಕತ್ತೈತಿ."

"ಇಳಸ್ಲೇನು?"

"ಬ್ಯಾಡ. ಅಕ್ಕಾ, ನಾ ತುಳ್ಯಾಕತ್ತೀನಿಲ್ಲ?"

ದಾನಮ್ಮನ ತೊಡೆಗಳು ನಡುಗುತ್ತಿದ್ದವು. ಎರಡು ಮೈಗಳ ಭಾರ ಅವಳೊಬ್ಬಳ ಮೇಲಿತ್ತು.

"ತುಳ್ಯಾಕತ್ತೀದಿ ಅಂತೀಯೇನು! ನನ್ನನ್ನೂ ನೀನ ಎಳ್ಕೊಂಡ್ ಹೊಂಟೀದಿ, ಮಳ್ಳಿ."

ನನಗೆ ಬಾಯಿರಲಿಲ್ಲ. ಇದ್ದಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

ಸೇತುವೆಯ ಮೇಲೆ ಜನ ಚಪ್ಪಾಳೆ ತಟ್ಟಿದರು. ಲೀಲಾಳನ್ನು ನನ್ನ ಮೇಲಿಂದ ಹಾಲಿನ ಕ್ಯಾನಿನಂತೆ ಎತ್ತಿ ಇಳಿಸಿದರು. ಮೈ ತಣ್ಣಗಾದಾಗ ಕಣ್ಣು ಅರ್ಧ ಮರಳಿತು. ಕಾಲು ಮರಳಲಿಲ್ಲ. ಬಿಸಿಲು ಕಾರಣವೋ, ರೋಗವೇ ಹೊಸ ಹೊಡೆತ ಹೊಡೆಯಿತೋ, ವೈದ್ಯರೂ ಬಿಡಿಸಿ ಹೇಳಲಿಲ್ಲ. ದಾನಮ್ಮ ಮಾತ್ರ ಕಾರಣವನ್ನು ಯಾರಲ್ಲೂ ಕೇಳಲಿಲ್ಲ. ಆ ಶಾಲನ್ನು ಹರಿದು ನನ್ನ ಚೈನಿನ ಜಿಡ್ಡು ಒರೆಸಿದಳು.

ದೇಣಿಗೆಯಿಂದ ಕೋಣೆ ಎದ್ದಿತು. ನನ್ನನ್ನು ಮತ್ತೆ ಕತ್ತರಿಸಿದರು. ಮುಂದಿನ ಅರ್ಧ ಗುಜರಿಗೆ ಹೋಯಿತು; ಹಿಂದಿನ ಅರ್ಧವನ್ನು ಸ್ಟ್ಯಾಂಡಿಗೆ ಬೆಸೆದು ಕೋಣೆಯ ಮೂಲೆಯಲ್ಲಿ ನಿಲ್ಲಿಸಿದರು. ಈಗ ಮುಂದೆ ತುಳಿಯುವವರಿಲ್ಲ. ಕೂತವರು ತುಳಿದರಷ್ಟೇ ನನ್ನ ಪೆಡಲು ತಿರುಗುತ್ತದೆ. ಕೆಲವರು ತಿರುಗಿಸುತ್ತಾರೆ. ಅವರ ಮುಖದ ಮೇಲಿನ ಬೆವರು ನನಗೆ ಇಷ್ಟ.

ಮೊನ್ನೆ ಲೀಲಾಳನ್ನು ತಂದು ಕೂರಿಸಿ ಕಾಲು ಬಿಗಿದರು. ಅವಳು ಹಲ್ಲು ಕಚ್ಚಿ ಪ್ರಯತ್ನಿಸಿದಳು. ನಾನು ಕಾದೆ. ಒಂದು ಎಳ್ಳಿನಷ್ಟೂ ಬಲ ಇಳಿದು ಬರಲಿಲ್ಲ. ಆಗ ದಾನಮ್ಮ ಸದ್ದಿಲ್ಲದೆ ನೆಲಕ್ಕೆ ಕೂತು, ಕೈಯಿಂದ ಪೆಡಲು ತಿರುಗಿಸತೊಡಗಿದಳು.

"ನೋಡು, ತುಳ್ಯಾಕತ್ತಿ!"

ಲೀಲಾ ಮಸುಕುಗಣ್ಣನ್ನು ಕಿಟಕಿಯತ್ತ ತಿರುಗಿಸಿ ನಕ್ಕಳು.

"ಸುಳ್ಳಿ. ನಿನ್ನ ಕೈಬಳಿಗೋಳ ಸಪ್ಪಳ ನೆಲದಿಂದ ಬರಾಕತ್ತೈತಿ. ಅವತ್ತ ರೋಡಿನ ಮ್ಯಾಲೂ ನಿನ್ನ ಏದುಸಿರ ಕೇಳಿಸಿತ್ತು."

ದಾನಮ್ಮನ ಕೈ ನಿಂತಿತು. ಬಳೆಗಳೂ ನಿಂತವು.

"ನಿಲ್ಲಸಬ್ಯಾಡ ಅಕ್ಕಾ," ಎಂದಳು ಲೀಲಾ. "ಸೇತುವಿ ಇನ್ನೂ ದೂರೈತಿ."

ಬಳೆಗಳು ಮತ್ತೆ ಸದ್ದು ಮಾಡಿದವು. ಕಬ್ಬಿಣವನ್ನು ಕತ್ತರಿಸಬಹುದು, ಮತ್ತೆ ಬೆಸೆಯಬಹುದು. ಅದಕ್ಕೆ ಬೆಂಕಿ ಇದೆ. ಮೈಯೊಳಗಿನ ತಂತಿ ಹರಿದರೆ ಬೆಸೆಯುವ ಬೆಂಕಿ ನಾನಂತೂ ಕಂಡಿಲ್ಲ. ಕಂಡದ್ದು ನೆಲದ ಮೇಲೆ ಕೂತು ತಿರುಗಿಸುವ ಒಂದು ಕೈ, ಅಷ್ಟೆ.