ಸೂರು ಒಪ್ಪದವನು

ಬಿಡದಿಯ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಕ್ಕೆ ಜಮೀನು ಹೋದಾಗ, ಹಿಪ್ಪುನೇರಳೆ ತೋಟಗಳ ಜೊತೆಗೆ ಒಬ್ಬ ದೇವರೂ ಹೋದ. ದೇವರೆಂದರೆ ಮೊಣಕಾಲೆತ್ತರದ ಒಂದು ಉರುಟು ಕಲ್ಲು. ಮೊದಲು ಅದು ಬೈರಮ್ಮನ ತೋಟದ ಬದುವಿನ ಮೇಲಿತ್ತು. ಈಗ ಬದುವೂ ಇಲ್ಲ, ತೋಟವೂ ಇಲ್ಲ. ಜೆಸಿಬಿ ಸಮ ಮಾಡಿದ ಕೆಂಪು ಬಯಲಿನ ನಡುವೆ ಕೊನೇ ಬಸ್ಸು ತಪ್ಪಿಸಿಕೊಂಡವನ ಹಾಗೆ ಕಲ್ಲೊಂದೇ ಕೂತಿತ್ತು.

ಬೈರಮ್ಮ ಅದನ್ನು ಮುನಿಯಪ್ಪ ಎನ್ನುತ್ತಿದ್ದಳು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕರೀಂ, ಬಾಬಾ ಎನ್ನುತ್ತಿದ್ದ. ಗೂಡು ಎಳೆ ಕಡಿಯದೆ ಬಿಚ್ಚಿಕೊಳ್ಳಲಿ ಎಂದು ಗುರುವಾರ ಸಕ್ಕರೆ ತಂದಿಡುವುದು ಅವನ ಮನೆಯಲ್ಲಿ ಅಜ್ಜನ ಕಾಲದ ರೂಢಿ. ಈ ವಿಷಯಕ್ಕೆ ಇಬ್ಬರೂ ಜಗಳವಾಡಿದ್ದಿಲ್ಲ. ಎದುರಿನವರು ತಪ್ಪು ತಿಳಿದಿದ್ದಾರೆ ಎಂಬ ಬಗ್ಗೆ ಇಬ್ಬರಿಗೂ ಪೂರ್ತಿ ನಂಬಿಕೆಯಿದ್ದರೆ ಜಗಳಕ್ಕೆ ಎಡೆ ಎಲ್ಲಿ?

“ನಿಮ್ ಬಾಬಾ ಅಂದ್ರೆ ನಮ್ ಮುನಿಯಪ್ಪನೇ ಕಣ್ ಸಾಬ್ರೆ. ನಿಮ್ಮಟ್ಟಿಗೆ ಬಂದಾಗ ಟೋಪಿ ಹಾಕ್ಕತಾನೆ, ಅಷ್ಟೇಯ.”

“ಇಲ್ಲ ಬೈರಮ್ಮಕ್ಕ, ಬಾಬಾನೇ ನಿಮ್ ಹಳ್ಳೀಲಿ ಪಂಚೆ ಉಟ್ಕೊಂಡವ್ರೆ.”

ಒಂದು ಮಾತಿನಲ್ಲಿ ಮಾತ್ರ ಎರಡು ಪುರಾಣವೂ ಒಂದೇ: ಅವನು ಸೂರು ಒಪ್ಪುವುದಿಲ್ಲ. ಬೈರಮ್ಮನ ಮಾವ ಹಾಕಿಸಿದ ಗರಿಯ ಚಪ್ಪರವನ್ನು ಗಾಳಿ ಹೊತ್ತುಕೊಂಡು ಹೋಗಿತ್ತು. ಕರೀಮನ ಅಜ್ಜ ಗುಮ್ಮಟ ಕಟ್ಟಿಸುತ್ತೇನೆಂದು ಬಾಯಿಬಿಟ್ಟ ದಿನವೇ ಕಾಲು ಉಳುಕಿಸಿಕೊಂಡಿದ್ದ. ಬಯಲಲ್ಲಿದ್ದರಷ್ಟೇ ಅವನು ಮಾತಾಡುವುದು. ಕಲ್ಲಿನ ನೆತ್ತಿಯ ಮೇಲೆ ಬೈರಮ್ಮ ಕಣಗಿಲೆ ಹೂವಿಟ್ಟು ಕೇಳುವಳು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಮಗಳ ಮದುವೆಯಿಂದ ಹಿಡಿದು ಹಸು ಮಾರುವವರೆಗೆ ಅವಳ ತೀರ್ಮಾನವೆಲ್ಲ ಹಾಗೇ ಆದದ್ದು. “ಗಾಳಿ ಬೀಳಿಸ್ತದೆ ಕಣಮ್ಮಿ” ಎಂದು ಯಾರಾದರೂ ನಕ್ಕರೆ, “ಗಾಳಿ ಯಾರ್ದು?” ಎನ್ನುವಳು.

ಕಾರ್ಖಾನೆಯ ನಕ್ಷೆಯಲ್ಲಿ ಆ ಕಲ್ಲಿದ್ದ ಕಡೆ ದೊಡ್ಡ ಶೆಡ್ಡು ಬರುವುದಿತ್ತು. ಇದನ್ನು ಕೇಳಿದ ಮೇಲೆ ಬೈರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಮೇಲೆ ಎಸರಿಟ್ಟು ಮರೆಯುವಳು. ಅರ್ಧ ಸಾರಿಸಿದ ನೆಲ ಬಿಟ್ಟು ಗೇಟಿಗೆ ಓಡುವಳು. ಅಲ್ಲಿ ವಾಚ್‌ಮನ್ ಅವಳ ತಲೆಗೊಂದು ಹಳದಿ ಹೆಲ್ಮೆಟ್ಟು ಇಟ್ಟು ಒಳಗೆ ಬಿಡುತ್ತಿದ್ದ. ಕರೀಮನಿಗೂ ಅಷ್ಟೇ, ಟೋಪಿಯ ಮೇಲೊಂದು ಹೆಲ್ಮೆಟ್ಟು.

“ದೇವ್ರ ಮುಂದೆ ಬೋಗುಣಿ ಮಗುಚ್ಕಂಡು ನಿಂತ್ಕಬೇಕಾಯ್ತಲ್ಲ ಸಾಬ್ರೆ.”

“ಬಾಬಾ ನಮ್ ಗುರ್ತು ಹಿಡಿದ್ರೆ ಸಾಕು ಬಿಡಕ್ಕ.”

ಆಮೇಲೆ ಬಂದವನು ಹಯಾಶಿ, ಕಟ್ಟಡದ ಕೆಲಸ ನೋಡಿಕೊಳ್ಳಲು ಜಪಾನಿನಿಂದ ಬಂದ ಎಂಜಿನಿಯರು. ಅವನ ಹಿಂದೆ ಅನಂತರಾಜು. ಇವನು ಊರಿನ ಹುಡುಗನೇ, ಚನ್ನಪಟ್ಟಣದ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಿಂದ ಕಂಪನಿಗೆ ದುಭಾಷಿಯಾದವನು. ಹಯಾಶಿ ಕಲ್ಲಿನ ಮುಂದೆ ನಿಂತ, ಸೊಂಟ ಬಗ್ಗಿಸಿ ಕೈಮುಗಿದ, ಏನೋ ಹೇಳಿದ.

“ಇವ್ರ ದೇಸದಲ್ಲೂ ಇಂಥೋನೊಬ್ಬ ಅವ್ನಂತೆ ದೊಡ್ಡವ್ವ. ದಾರಿ ಬದೀಲಿ ಕೂತ್ಕಂಡು ಮಕ್ಳ ಕಾಯ್ತಾನಂತೆ,” ಎಂದ ಅನಂತರಾಜು.

“ಇನ್ನೇನ್ಲಾ ಮತ್ತೆ! ನಮ್ಮೋನು ಮಾಡೋದೂ ಅದೇಯ,” ಎಂದಳು ಬೈರಮ್ಮ. ಕರೀಮನೂ ತಲೆದೂಗಿದ, ಬಾಬಾ ಊರೂರು ತಿರುಗಿದವರು, ಜಪಾನು ಯಾವ ಲೆಕ್ಕ?

ಶೆಡ್ಡಿನ ಪಾಯಕ್ಕೆಂದು ಎಳೆದ ಸುಣ್ಣದ ಪುಡಿಯ ಗೆರೆ ಸದ್ಯಕ್ಕೆ ಕಲ್ಲನ್ನು ಬಿಟ್ಟು ಬಳಸಿಕೊಂಡು ಹೋಯಿತು. ಹಯಾಶಿ ತನ್ನ ದೇಶದ ರೂಢಿಯಂತೆ ಕಲ್ಲಿನ ಕೊರಳಿಗೆ ಒಂದು ಕೆಂಪು ಬಟ್ಟೆ ಕಟ್ಟಿದ. ಬೈರಮ್ಮ ಅಂದು ನಿಶ್ಚಿಂತೆಯಿಂದ ಉಂಡಳು. ಅದು ಒಂದೇ ದಿನ.

ಮಾರನೆಯ ಬೆಳಿಗ್ಗೆ ಬಂದು ನೋಡಿದರೆ, ಮುನಿಯಪ್ಪನ ತಲೆಯ ಮೇಲೊಂದು ಮರದ ಪುಟ್ಟ ಮಾಡು, ಮೂರು ಕಡೆ ಹಲಗೆ. ಹಯಾಶಿಯ ಊರಿನಲ್ಲಿ ಆ ದೇವರು ಮಳೆಯಲ್ಲಿ ನೆನೆಯುವುದನ್ನು ಕಂಡರೆ ಜನಕ್ಕೆ ಕರುಳು ಚುರುಕ್ಕೆನ್ನುತ್ತದಂತೆ. ಪ್ರೀತಿಯಿಂದ ತಾನೇ ಹಲಗೆ ಹೊಡೆದಿದ್ದ.

ಬೈರಮ್ಮ ಹೂವಿಟ್ಟಳು. ಹಲಗೆಯೊಳಗೆ ಗಾಳಿಯಿಲ್ಲ. ಹೂವು ಇಟ್ಟಲ್ಲೇ ಇತ್ತು, ಮಧ್ಯಾಹ್ನಕ್ಕೆ ಅಲ್ಲೇ ಬಾಡಿತು.

“ಮಾತು ಬುಟ್ಬುಟ್ಟವ್ನೆ ಸಾಬ್ರೆ. ಎದ್ದೋಯ್ತಾನೆ ಇವ್ನು.”

“ಈ ಮನುಷ್ಯಂಗೆ ಹೇಳೋಣ್ವಾ?”

“ಹೇಳಿದ್ರೆ ಇದು ನಮ್ ದೇವ್ರಲ್ಲ ಅಂತಾನೆ. ಶೆಡ್ಡು ತಂದು ತಲೆ ಮೇಲೆ ಮಡುಗ್ತಾನೆ.”

ಹೇಳಿದರೆ ದೊಡ್ಡ ಸೂರು, ಹೇಳದಿದ್ದರೆ ಚಿಕ್ಕ ಸೂರು. ಬೈರಮ್ಮ ಗೇಟಿಗೂ ಮನೆಗೂ ಅಲೆದಳು. ಕಡೆಗೆ ಒಂದು ಸಂಜೆ ತಡೆಯಲಾರದೆ ಮಾಡಿನ ಹಲಗೆಗೆ ಕೈಹಾಕಿದಳು. ಕರೀಂ ಮೊಳೆ ಮೀಟುತ್ತಿದ್ದ. ಹಿಂದೆ ಬಂದು ನಿಂತವನು ಹಯಾಶಿ. ಜೊತೆಗೆ ಮುಖ ಬಿಳಿಚಿಕೊಂಡ ಅನಂತರಾಜು.

“ಗೆದ್ದಲು ಹಿಡಿದಿತ್ತು ಅಂತ ಹೇಳ್ಲಾ ದೊಡ್ಡವ್ವ?” ಎಂದು ಅವನು ಪಿಸುಗುಟ್ಟಿದ.

“ಬ್ಯಾಡ. ಸೂರು ಹಾಕಿದ್ರೆ ಇವ್ನು ಇರಾಕಿಲ್ಲ ಅನ್ನು. ಇದ್ದದ್ದು ಇದ್ದಂಗೆ ಹೇಳ್ಲಾ.”

ಅನಂತರಾಜು ಹೇಳಿದ. ಹಯಾಶಿ ಕಲ್ಲನ್ನೇ ನೋಡುತ್ತ ನಿಂತ. ಆಮೇಲೆ ಬಗ್ಗಿ ಕೆಂಪು ಬಟ್ಟೆಯ ಗಂಟು ಬಿಚ್ಚಿ, ಮಡಿಚಿ, ಜೇಬಿಗಿಟ್ಟುಕೊಂಡ. ಅವನು ಉಳಿದ ಹಲಗೆಗಳನ್ನು ತಾನೇ ಕಿತ್ತ. ಕಿತ್ತು ಮುಗಿಸಿ ಮಾತಾಡಿದ. ಅನಂತರಾಜು ತಡವರಿಸುತ್ತ ಕನ್ನಡಕ್ಕೆ ತಂದ.

“ಇವ್ನು ನಮ್ಮೋನಲ್ಲ ಅಂತಾರೆ. ನಮ್ಮೋನಾಗಿದ್ರೆ ಮಳೆಗಾಲ ಕಳೆದ್ಮೇಲೆ ಕ್ಷಮೆ ಕೇಳಿ, ಎತ್ತಿ, ಗೇಟ್ ಹತ್ರ ಕೂರಿಸೋರಿದ್ರಂತೆ. ಅವ್ರ ಕಡೆ ಅದಕ್ಕೊಂದು ಪದ್ಧತಿ ಐತಂತೆ. ಈಗ ಆಗಾಕಿಲ್ಲ. ಗೊತ್ತಿಲ್ದಿರೋ ದೇವ್ರನ್ನ ಹೆಂಗೆ ಕೇಳೋದು ಇವ್ರಿಗೆ ಗೊತ್ತಿಲ್ವಂತೆ.”

ಬೈರಮ್ಮ ಉಸಿರು ಬಿಟ್ಟಳು.

“ನಿಂಗೆ ಗೊತ್ತಂತಲ್ಲ ದೊಡ್ಡವ್ವ. ಇಲ್ಲಿಂದ ಏಳ್ತಾನಾ ಇಲ್ವಾ, ನೀನೇ ಕೇಳ್ಬೇಕಂತೆ. ಅವ್ನು ಹೇಳಿದಂಗೆ ಮಾಡ್ತಾರಂತೆ. ಅಲ್ಲೀವರ್ಗೂ ಇಲ್ಲಿ ಶೆಡ್ಡು ಏಳಾಕಿಲ್ಲ.”

ಬೈರಮ್ಮ ಸೆರಗಿನ ಗಂಟಿನಿಂದ ಹೂವು ತೆಗೆದಳು. ಎಲ್ಲರೂ ಅದನ್ನೇ ನೋಡಿದರು. ಬಲಕ್ಕೆ ಬಿದ್ದರೆ ದೇವರು ಏಳಬೇಕು, ಅವಳು ಸುಳ್ಳು ಹೇಳುವಂತಿಲ್ಲ. ಕಲ್ಲಿನ ನೆತ್ತಿಯವರೆಗೆ ಹೋದ ಕೈ ಅಲ್ಲೇ ನಿಂತಿತು. ಆಮೇಲೆ ಹೂವು ಮತ್ತೆ ಸೆರಗಿನ ಗಂಟು ಸೇರಿತು.

“ಇವತ್ತು ಗಾಳಿ ಸರಿಗಿಲ್ಲ. ನಾಳೆ ಕೇಳಾನ.”

ಕರೀಂ ಬೆರಳನ್ನು ನಾಲಗೆಗೆ ತಾಗಿಸಿ ಮೇಲಕ್ಕೆ ಹಿಡಿದ. “ಹೌದು ಸಾರ್,” ಎಂದ ಗಂಭೀರವಾಗಿ, “ಸರಿ ಇಲ್ಲ.”

ಈಗ ಎರಡೂ ಕಡೆ ಶೆಡ್ಡು ಎದ್ದಿದೆ. ನಡುವೆ ಕಲ್ಲು, ಅದರ ಮೇಲೆ ಒಂದು ತುಂಡು ಆಕಾಶ. ಪ್ರತಿ ಬೆಳಿಗ್ಗೆ ಹಯಾಶಿ ಬಂದು, ಇವತ್ತಾದರೂ ಗಾಳಿ ಸರಿಯಿದೆಯೇ ಎಂಬಂತೆ ಹುಬ್ಬೇರಿಸಿ ನಿಲ್ಲುತ್ತಾನೆ. ಸೆರಗಿನಲ್ಲಿ ಹೂವು ಗಂಟುಹಾಕಿಕೊಂಡ ಬೈರಮ್ಮ ಹಳದಿ ಹೆಲ್ಮೆಟ್ಟಿನ ಕೆಳಗಿಂದ ಗೇಟಿನಾಚೆಯ ಹೊಂಗೆಮರವನ್ನು ನೋಡುತ್ತಾಳೆ, ಒಂದು ಎಲೆಯೂ ಅಲ್ಲಾಡದಿರಲಿ ಎಂದು.