ಜಡೆಗೆ ಒಡೆದ ಕಾಯಿ

"ನನ್ನ ಮೊಮ್ಮಗಳು ತನ್ನ ಕಾಲಿಲೆ ನಡದು ನಿನ್ನ ಗುಡಿಗಿ ಬರೂತನಕ ಆಕೀ ತಲಿಗಿ ಕತ್ರಿ ತಾಗಸಂಗಿಲ್ಲ ಯವ್ವಾ" ಎಂದು ನನ್ನ ಅತ್ತೆ ಮಾನಮ್ಮ ಆಸ್ಪತ್ರೆಯ ವರಾಂಡದಲ್ಲಿ ನಿಂತು ಎಲ್ಲಮ್ಮನಿಗೆ ಮಾತು ಕೊಟ್ಟಾಗ ನನ್ನ ಮಗಳು ನಾಗಿಗೆ ನಾಲ್ಕು ವರ್ಷ. ನಾನೂ ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ. ಮೆದುಳುಜ್ವರ. ಜ್ವರ ಇಳಿಯಿತು, ಮಗಳು ತಿರುಗಿ ಬರಲಿಲ್ಲ. "ಜೀವ ಉಳಿಸೇವಮ್ಮ, ಮೆದುಳು ಉಳಿಸಾಕ ಆಗಲಿಲ್ಲ" ಎಂದರು ಡಾಕ್ಟರು.

ಈಗ ಅವಳಿಗೆ ಹತ್ತೊಂಬತ್ತು. ಕಣ್ಣು ತೆರೆದೇ ಇರುತ್ತವೆ, ಯಾರನ್ನೂ ಗುರುತಿಸುವುದಿಲ್ಲ. ಅಂಬಲಿಯನ್ನು ಗಂಟಲಿಗೆ ಮೆಲ್ಲಗೆ ಇಳಿಸಬೇಕು, ಮಗ್ಗುಲು ನಾವೇ ಹೊರಳಿಸಬೇಕು. ಮೆದುಳು ಕೈಬಿಟ್ಟರೂ ಮೈ ತನ್ನ ಒಂದು ಕೆಲಸವನ್ನೂ ಬಿಡಲಿಲ್ಲ. ಎತ್ತರ ಬೆಳೆದಳು, ಮೈನೆರೆದಳು, ಕೂದಲು ಮೊಣಕಾಲು ಮುಟ್ಟಿತು. ದಿನಾ ಬಾಚುತ್ತಿದ್ದೆ. ಆದರೆ ಸದಾ ದಿಂಬಿಗೆ ಒತ್ತಿಕೊಂಡಿರುವ ಹಿಂದಲೆಯಲ್ಲಿ ಬಾಚಣಿಗೆ ಹೋಗದಾಯಿತು. ಬೆವರು, ಕಟಬಾಯಿಂದ ಇಳಿದ ಅಂಬಲಿ ಸೇರಿ ಅಲ್ಲಿಯ ಕೂದಲು ಹಗ್ಗದಂತೆ ಹೊಸೆದುಕೊಂಡು ಜಡೆಗಟ್ಟಿತು.

ನಮ್ಮ ಕಡೆ ಜಡೆ ಬಿದ್ದರೆ ಎಲ್ಲಮ್ಮ ಬಂದಳು ಅನ್ನುತ್ತಾರೆ. ಇಷ್ಟು ವರ್ಷ ನಮ್ಮ ಹೊಸ್ತಿಲು ತುಳಿಯದವರೆಲ್ಲ, ನಾನು ಕಡೇಚೂರಿನ ಫ್ಯಾಕ್ಟರಿಗೆ ಹೋದಾಗ ಕಾಯಿ ಹಿಡಿದು ಬರತೊಡಗಿದರು.

ಮೊನ್ನೆ ಸಂಜೆ ಡ್ಯೂಟಿ ಮುಗಿಸಿ ಸೈದಾಪುರಕ್ಕೆ ಬಂದರೆ ಮನೆತುಂಬ ಕರ್ಪೂರದ ಹೊಗೆ. ನಾಗಿಯ ಹಣೆಗೆ ಭಂಡಾರದ ಅರಿಶಿನ ಮೆತ್ತಿದ್ದಾರೆ, ಅವಳಿಗೆ ಫಿಟ್ಸ್ ಬಂದು ಕೈಕಾಲು ಸೆಟೆಯುತ್ತಿವೆ. ಪಕ್ಕದ ಮನೆಯ ಸಾವಿತ್ರಿಬಾಯಿ ಎದುರಿಗೆ ಕೈಮುಗಿದು ಕೂತಿದ್ದಾಳೆ.

"ದೇವಿ ಮೈಮ್ಯಾಲ ಬಂದಾಳ, ನೋಡ್ರಿ!"

"ದೇವಿ ಅಲ್ರಿ, ಅದು ಫಿಟ್ಸ್. ಆರಸ್ರಿ ಆ ಕರ್ಪೂರ!"

"ನಮ್ಮ ಹುಡುಗನ ಲಗ್ನ ಕೂಡವಲ್ದು, ಅದಕ್ಕ ಬೇಡ್ಕೊಳ್ಳಾಕ..."

"ಆಕೀ ಉಚ್ಚಿ ಬಟ್ಟಿ ಒಗ್ಯಾಕ ಒಂದಿನಾರ ಬಂದೀರೇನ್ರಿ? ನಿಮ್ಮ ಮಗಗ ಹೆಣ್ಣು ಸಿಗಲಿಕ್ಕ ನನ್ನ ಮಗಳು ಸೆಟೀಬೇಕೇನು?"

ನಾಗಿಯನ್ನು ಮಗ್ಗುಲಿಗೆ ಹೊರಳಿಸಿ, ಸೆಟೆತ ನಿಲ್ಲುವತನಕ ಹಿಡಿದುಕೊಂಡೆ. ಆಗ ಮೂಗಿಗೆ ವಾಸನೆ ಬಡಿಯಿತು. ಜಡೆ ಎತ್ತಿ ನೋಡಿದರೆ ಕೆಳಗೆ ಹುಣ್ಣು, ಕೀವು ಸೋರುತ್ತಿದೆ.

ಪಡಸಾಲೆಯಲ್ಲಿ ಅತ್ತೆಯ ಜೊತೆ ಚಹಾ ಕುಡಿಯುತ್ತಿದ್ದ ಗುಡಿಯ ಪೂಜಾರಿ ದ್ಯಾವಪ್ಪ ಕೂತಲ್ಲಿಂದಲೇ ಅಂದ: "ಈಕಿಗಿ ಲಗ್ನ ಅಂತೂ ಆಗಂಗಿಲ್ಲ. ಬರೂ ಹುಣ್ಣಿಮಿಗಿ ಮುತ್ತು ಕಟ್ಟಿ ದೇವಿಗಿ ಬಿಟ್ಬಿಡೂಣು."

"ಮುತ್ತು ಕಟ್ಟಿ ದೇವದಾಸಿ ಮಾಡಿದ್ರ ಜೇಲೈತಿ, ಗೊತ್ತಿಲ್ಲೇನು? ಉಗುಳು ನುಂಗಾಕ ಬರಲಾರದ ಹುಡುಗಿನ್ನೂ ಬಿಡಂಗಿಲ್ಲಲ್ಲೋ ನೀವು!"

ಕತ್ತರಿ ತಂದೆ. ಅತ್ತೆ ಅಡ್ಡ ಬಂದರು. "ಬ್ಯಾಡಬೇ, ಮಾತು ಕೊಟ್ಟೀನಿ."

"ಅತ್ತಿ, ಇಲ್ಲಿ ಬರ್ರಿ. ಮೂಸಿ ನೋಡ್ರಿ."

ಅತ್ತೆ ಬಗ್ಗಿದರು. ಸೆರಗು ಮೂಗಿಗೆ ಹೋಯಿತು. "ನಾಳಿ... ದೇವಿನ್ನ ಒಂದ್ ಮಾತು ಕೇಳಿ..."

"ಹುಳ ಬೀಳೂತನಕ ಕಾಯೂಣೇನ್ರಿ? ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಇದಕ್ಕಿಂತ ಹೆಚ್ಚಿಂದು ಇನ್ನೇನ್ ಮಾಡ್ತಾಳ ಆಕಿ?"

ಅತ್ತೆ ಪಕ್ಕಕ್ಕೆ ಸರಿದರು.

ಗಟ್ಟಿಯಾದ ಜಡೆಯಲ್ಲಿ ಕತ್ತರಿ ಓಡಲಿಲ್ಲ. ಎಳೆ ಎಳೆಯಾಗಿ ಕೊಯ್ಯಬೇಕಾಯಿತು. ಮೊದಲ ಕತ್ತರಿಗೇ ದ್ಯಾವಪ್ಪ ಚಪ್ಪಲಿ ಮೆಟ್ಟಿದ. ಸಾವಿತ್ರಿಬಾಯಿ "ಪಾಪ ಸುತ್ಕೊಂತೈತ್ರಿ" ಎನ್ನುತ್ತ ತಾನು ತಂದ ಕಾಯಿಯ ಎರಡೂ ಹೋಳು ಸೆರಗಿಗೆ ಹಾಕಿಕೊಂಡು ಹೋದಳು. "ಜಡಿ ಗುಡಿಗಿ ಮುಟ್ಟಸ್ತೀನಿ, ಕೊಡು" ಎಂದು ಅತ್ತೆ ಕೈ ಚಾಚಿದರು. ಕೊಡಲಿಲ್ಲ, ತಿಪ್ಪೆಗೆ ಎಸೆದೆ. ಹುಣ್ಣು ತೊಳೆದು ಬಟ್ಟೆ ಕಟ್ಟಿ, ಮರುದಿನ ಆಸ್ಪತ್ರೆಗೆ ಒಯ್ದೆ. ಅಂದಿನಿಂದ ಅತ್ತೆ ನನ್ನೊಡನೆ ಮಾತಾಡುತ್ತಿಲ್ಲ. ನಾಗಿಯನ್ನು ಹೊರಳಿಸಲು ಮಾತ್ರ ಬಂದು ಅವಳ ಕಾಲು ಹಿಡಿಯುತ್ತಾರೆ.

ನಡೆದು ಗುಡಿಗೆ ಬರುವತನಕ ಕತ್ತರಿ ತಾಗಿಸುವುದಿಲ್ಲ ಎಂದು ಕೊಟ್ಟ ಮಾತು ಅದು. ನಾಗಿ ನಡೆದಿಲ್ಲ, ನಡೆಯುವುದೂ ಇಲ್ಲ. ಕತ್ತರಿ ತಾಗಿಸಿದ್ದೇನೆ. ಮಾತು ಮುರಿದಿದೆ.